ಗಿಟಾರ್ ತಂತಿ ಗಿರ್ ಅನ್ನುತ್ತಿದೆ, ಫ್ರೆಟ್ ಉಜ್ಜಿಸಬೇಕಾ?

ಪ್ರಶ್ನೆ: ನನ್ನ ಅಕೌಸ್ಟಿಕ್ ಗಿಟಾರ್‌ಗೆ ಎರಡು ವರ್ಷ. ಹೋದ ತಿಂಗಳು ಹೊಸ ತಂತಿ ಹಾಕಿದೆ. ಆಗಿನಿಂದ ದಪ್ಪನೆಯ ಆರನೇ ಮತ್ತು ಐದನೇ ತಂತಿ ಮೊದಲ ನಾಲ್ಕೈದು ಫ್ರೆಟ್‌ಗಳಲ್ಲಿ (ತಂತಿಯ ಕೆಳಗಿನ ಅಡ್ಡ ಲೋಹದ ಪಟ್ಟಿಗಳಲ್ಲಿ) ಗಿರ್ ಅನ್ನುತ್ತಿವೆ. ಮೇಲಿನ ಫ್ರೆಟ್‌ಗಳಲ್ಲಿ ತೊಂದರೆ ಇಲ್ಲ. ರಿಪೇರಿಯವರು ಎಲ್ಲ ಫ್ರೆಟ್ ಉಜ್ಜಬೇಕು ಅಂದರು. ನಿಮಗೆ ಹೀಗಾಗಿತ್ತಾ? ಏನು ಮಾಡಿದಿರಿ?

ಬೆಂಗಳೂರಿನಿಂದ: ದಯವಿಟ್ಟು ಈಗಲೇ ಉಜ್ಜಿಸಬೇಡಿ. ಉಜ್ಜಿದ ಲೋಹ ವಾಪಸ್ ಬರುವುದಿಲ್ಲ. ಹಳೇ ತಂತಿ ಯಾವ ಸೆಟ್, ಹೊಸದು ಯಾವುದು? ನಾನು 12ರ ಸೆಟ್ (ಅತಿ ತೆಳು ತಂತಿ 0.012 ಇಂಚು) ತೆಗೆದು ಇನ್ನೂ ತೆಳುವಾದ 10ರದ್ದು ಹಾಕಿದಾಗ ಇದೇ ಜಾಗದಲ್ಲಿ ಸದ್ದು ಬಂದಿತ್ತು. 12ರಲ್ಲಿ ಆರೂ ತಂತಿ ಸೇರಿ ನೆಕ್ಕನ್ನು (ಗಿಟಾರಿನ ಉದ್ದನೆಯ ಕತ್ತನ್ನು) ಸುಮಾರು 70 ಕಿಲೋ ಭಾರದಷ್ಟು ಎಳೆಯುತ್ತವೆ. 10ರಲ್ಲಿ ಅದು 60ರ ಆಸುಪಾಸಿಗೆ ಇಳಿಯುತ್ತದೆ. ಎಳೆತ ಕಡಿಮೆಯಾದರೆ ನೆಕ್ ಒಳಗೆ ಆ ಎಳೆತಕ್ಕೆ ಎದುರು ನಿಲ್ಲುವ ಲೋಹದ ಸರಳಿನ, ಅಂದರೆ ಟ್ರಸ್ ರಾಡಿನ, ಕೈ ಮೇಲಾಗಿ ನೆಕ್ ಹಿಂದಕ್ಕೆ ವಾಲುತ್ತದೆ. ಆಗ ತಂತಿಗೆ ಅಲುಗಲು ಜಾಗ ಸಾಲದು. ದಪ್ಪ ತಂತಿ ಜಾಸ್ತಿ ಅಗಲಕ್ಕೆ ಅಲುಗುತ್ತದೆ, ಅದಕ್ಕೇ ಅದು ಮೊದಲು ಫ್ರೆಟ್‌ಗೆ ತಾಗುತ್ತದೆ.

ಪರೀಕ್ಷೆ ಸುಲಭ. ಟ್ಯೂನ್ ಮಾಡಿ ಮೊದಲ ಫ್ರೆಟ್‌ಗೆ ಕ್ಯಾಪೊ (ಎಲ್ಲ ತಂತಿ ಒತ್ತಿ ಹಿಡಿಯುವ ಕ್ಲಿಪ್) ಹಾಕಿ. ನೆಕ್ ಬಾಡಿಗೆ ಸೇರುವ ಫ್ರೆಟ್‌ನಲ್ಲಿ, ಸಾಮಾನ್ಯವಾಗಿ 14ನೆಯದರಲ್ಲಿ, ಆರನೇ ತಂತಿ ಒತ್ತಿ ಹಿಡಿಯಿರಿ. ಈಗ ಆ ತಂತಿಯೇ ನಿಮ್ಮ ಸ್ಕೇಲು. 7ನೇ ಫ್ರೆಟ್‌ಗೂ ತಂತಿಗೂ ನಡುವೆ 0.2ರಿಂದ 0.3 ಮಿ.ಮೀ. ಸಂದು ಕಾಣಬೇಕು, ವಿಸಿಟಿಂಗ್ ಕಾರ್ಡ್ ದಪ್ಪ ಅಂದುಕೊಳ್ಳಿ. ಸಂದೇ ಇಲ್ಲದಿದ್ದರೆ ಅಲೆನ್ ಕೀಯಿಂದ (ಆರು ಮೂಲೆಯ ಕೀಲಿ) ಟ್ರಸ್ ರಾಡ್ ಸಡಿಲಿಸಿ: ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ, ಒಂದು ಸಲಕ್ಕೆ ಎಂಟನೇ ಒಂದು ಸುತ್ತು ಮಾತ್ರ. ಮತ್ತೆ ಟ್ಯೂನ್ ಮಾಡಿ ಒಂದು ರಾತ್ರಿ ಬಿಡಿ, ಮರ ನಿಧಾನವಾಗಿ ಕೂರುತ್ತದೆ. ಅಲೆನ್ ಕೀ ತಿರುಗದೆ ಬಿಗಿಯಾಗಿದ್ದರೆ ಬಲ ಹಾಕಲೇಬೇಡಿ. ಗೊತ್ತಿರುವವರ ಕೈಗೆ ಕೊಡಿ.

ಕಲಬುರಗಿಯಿಂದ: ನನ್ನದರಲ್ಲಿ ಸದ್ದು ಮೇಲಿನ ಫ್ರೆಟ್‌ಗಳಲ್ಲಿ ಬರುತ್ತಿತ್ತು, ಅದೂ ಏಪ್ರಿಲ್ ಬಿಸಿಲಲ್ಲಿ. ಬಾಡಿಯ ಮುಂದಿನ ಹಲಗೆ ಒಣಗಿ ತಗ್ಗಿತ್ತು. ಅದರ ಜೊತೆ, ತಂತಿಗಳ ಬುಡ ಸಿಕ್ಕಿಸುವ ಬ್ರಿಡ್ಜ್ ಇಳಿದಿತ್ತು, ತಂತಿಗಳೂ ಇಳಿದಿದ್ದವು. ಅದು ತಿಳಿಯದೆ ಎತ್ತರದ ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಕೂರುವ ಪಟ್ಟಿ) ಹಾಕಿಸಿದೆ. ಮಳೆಗಾಲಕ್ಕೆ ಹಲಗೆ ಮತ್ತೆ ಉಬ್ಬಿತು. ತಂತಿ ಎಷ್ಟು ಮೇಲೆ ಹೋಯಿತೆಂದರೆ ಬಾರ್ ಕಾರ್ಡ್ (ಒಂದೇ ಬೆರಳಲ್ಲಿ ಹಲವು ತಂತಿ ಒತ್ತುವುದು) ಹಿಡಿದರೆ ಬೆರಳು ನೋಯುತ್ತಿತ್ತು. ಈಗ ಬೇಸಿಗೆಯಲ್ಲಿ ತೂತು ಮಾಡಿದ ಸೋಪಿನ ಡಬ್ಬಿಯೊಳಗೆ, ಚೆನ್ನಾಗಿ ಹಿಂಡಿದ ಒದ್ದೆ ಸ್ಪಂಜು ಇಟ್ಟು ಗಿಟಾರ್ ಕೇಸಿನಲ್ಲಿಡುತ್ತೇನೆ. ಪಕ್ಕದಲ್ಲಿ ಚಿಕ್ಕ ಹೈಗ್ರೋಮೀಟರ್ ಇದೆ. ತೇವಾಂಶ ಶೇ. 45ರಿಂದ 55ರೊಳಗೆ ಇದ್ದರೆ ಸಾಕು.

ಶಿವಮೊಗ್ಗದಿಂದ: ಫ್ರೆಟ್ ನೋಡುವ ಮುಂಚೆ ಹೆಡ್‌ಸ್ಟಾಕ್ (ನೆಕ್ಕಿನ ತುದಿಯ ತಲೆ) ನೋಡಿ. ನನ್ನದರಲ್ಲಿ ಕತ್ತರಿಸದೆ ಬಿಟ್ಟ ತಂತಿಯ ತುದಿ ಪಕ್ಕದ ಟ್ಯೂನರ್‌ಗೆ (ತಂತಿ ಬಿಗಿಯುವ ತಿರುಪಿಗೆ) ತಾಗಿ ಗಲಗಲ ಅನ್ನುತ್ತಿತ್ತು. ನೀವು ನುಡಿಸುತ್ತಿರುವಾಗ ಇನ್ನೊಬ್ಬರು ಅಲ್ಲಲ್ಲಿ ಬೆರಳಿಡಲಿ. ಎಲ್ಲಿ ಇಟ್ಟಾಗ ಸದ್ದು ನಿಲ್ಲುತ್ತದೋ ಅಲ್ಲೇ ಕಾರಣ. ನಮ್ಮಮ್ಮ ತಂಬೂರಿ ತಂತಿಯ ಕೆಳಗೆ ದಾರ ಸರಿಸಿ ಬೇಕಂತಲೇ ಝೇಂಕಾರ ಬರಿಸುತ್ತಾರೆ. ತಂತಿ ಸವರಿಕೊಂಡು ಹೋಗುವ ಆ ಸದ್ದು ಕಿವಿಗೆ ಕೂತಿದ್ದರಿಂದಲೇ ಈ ಗಲಗಲ ಬೇರೆ ಅಂತ ನನಗೆ ಗೊತ್ತಾಯಿತು.

ಪ್ರಶ್ನೆ ಕೇಳಿದವರು: ಹೌದು, 12 ತೆಗೆದು 10 ಹಾಕಿದ್ದೆ. ಸಂದು ಇರಲೇ ಇಲ್ಲ. ಎರಡು ದಿನದಲ್ಲಿ ಒಟ್ಟು ಕಾಲು ಸುತ್ತು ಸಡಿಲಿಸಿದೆ. ಐದನೇ ತಂತಿಯ 4ನೇ ಫ್ರೆಟ್ ಒಂದನ್ನು ಬಿಟ್ಟು ಎಲ್ಲ ಕಡೆ ಸದ್ದು ಹೋಗಿದೆ. ತುಂಬಾ ಥ್ಯಾಂಕ್ಸ್.

ಬೆಂಗಳೂರಿನಿಂದ: ಹಾಗಾದರೆ ಅದರ ಮುಂದಿನದು, 5ನೇ ಫ್ರೆಟ್, ಸ್ವಲ್ಪ ಎದ್ದಿರಬೇಕು. ಸುಮಾರು 6 ಸೆಂ.ಮೀ. ಉದ್ದದ ನೇರ ಸ್ಟೀಲ್ ಪಟ್ಟಿಯನ್ನು ಆ ತಂತಿಯ ಪಕ್ಕದಲ್ಲಿ 4, 5, 6 ಮೂರಕ್ಕೂ ತಾಗುವಂತೆ ಇಡಿ. ಏತದ ಹಾಗೆ ಅತ್ತಿತ್ತ ಆಡಿದರೆ ಅದೇ. ಉಜ್ಜಿಸುವುದಾದರೆ ಅದೊಂದನ್ನೇ ಉಜ್ಜಿಸಿ.