ಬೀಗರ ಬಿಡದಿಗೆ ಮೈಸೂರಿನಲ್ಲಿ ವಸತಿಗೃಹ: ಶುಚಿತ್ವವನ್ನೂ ಸೌಕರ್ಯವನ್ನೂ ನೋಡಿ ತಿಳಿಯುವುದು ಹೇಗೆ?

ಪ್ರಶ್ನೆ: ಮಂಡ್ಯದ ಗೃಹಸ್ಥ

ಬರುವ ಮಾಘದಲ್ಲಿ ನನ್ನ ಮಗಳ ಮದುವೆ ಮೈಸೂರಿನ ಸರಸ್ವತಿಪುರಂ ಕಡೆಯ ಛತ್ರವೊಂದರಲ್ಲಿ ಗೊತ್ತಾಗಿದೆ. ಗಂಡಿನ ಕಡೆಯವರು ಧಾರವಾಡದಿಂದ ಬರುತ್ತಾರೆ. ಛತ್ರದಲ್ಲಿ ಐದೇ ಕೋಣೆಗಳಿರುವುದರಿಂದ ಬೀಗರ ಬಿಡದಿಗೆಂದು ಹೊರಗೆ ಹದಿನಾಲ್ಕು ಕೋಣೆಗಳನ್ನು ಎರಡು ರಾತ್ರಿಗಳ ಮಟ್ಟಿಗೆ ಹಿಡಿಯಬೇಕಾಗಿದೆ. ಬರುವವರಲ್ಲಿ ಎಪ್ಪತ್ತು ದಾಟಿದ ಆರು ಮಂದಿ ಇದ್ದಾರೆ; ಮುಹೂರ್ತ ಬೆಳಿಗ್ಗೆ 7 ಗಂಟೆಯೊಳಗೆ ಇರುವುದರಿಂದ ಎಲ್ಲರೂ 4 ಗಂಟೆಗೇ ಸ್ನಾನಕ್ಕೆ ಏಳುತ್ತಾರೆ.

ನಾನು ಎರಡು ಕಡೆ ನೋಡಿ ಬಂದೆ. ಮೊದಲನೆಯದು ರೈಲು ನಿಲ್ದಾಣದ ಸಮೀಪದ ಹಳೆಯ ಕಟ್ಟಡ. ಎತ್ತರದ ಚಾವಣಿ, ಕೆಂಪು ಗಾರೆ ನೆಲ, ಒಳಗೊಂದು ತಂಪಾದ ಅಂಗಳ ಎಲ್ಲವೂ ಹಿಡಿಸಿದವು, ಆದರೆ ನಲ್ಲಿಗಳ ಸುತ್ತ ಬಿಳಿ ಕರೆಗಟ್ಟಿತ್ತು, ಕೈತೊಳೆಯುವ ತೊಟ್ಟಿಯಲ್ಲಿ ಕಂದು ಗೆರೆಯಿತ್ತು, ಒಂದು ಬಚ್ಚಲಿನಲ್ಲಿ ಮೋರಿಯ ವಾಸನೆ ಬರುತ್ತಿತ್ತು. ಎರಡನೆಯದು ರಿಂಗ್ ರಸ್ತೆಯ ಬಳಿ ಈಚೆಗೆ ತೆರೆದದ್ದು. ಗಾಜಿನ ಮುಂಭಾಗ, ಲಿಫ್ಟು, ದೊಡ್ಡ ಟಿ.ವಿ., ಬಾಗಿಲು ತೆರೆದೊಡನೆ ಮಲ್ಲಿಗೆಯ ಪರಿಮಳ. ಆ್ಯಪಿನಲ್ಲಿ ಮೊದಲನೆಯದಕ್ಕೆ 3.8, ಎರಡನೆಯದಕ್ಕೆ 4.4 ಅಂಕವಿದೆ. ಮೊದಲನೆಯದರ ಬಗ್ಗೆ ಒಂದೇ ತಿಂಗಳಲ್ಲಿ ಒಬ್ಬರು 'ಮನೆಯಷ್ಟೇ ಚೊಕ್ಕಟ' ಎಂದೂ ಇನ್ನೊಬ್ಬರು 'ಕಾಲಿಡಲಾಗದಷ್ಟು ಕೊಳಕು' ಎಂದೂ ಬರೆದಿದ್ದಾರೆ. (ನಮ್ಮೂರಿನಲ್ಲಿ ಹೋಟೆಲು ಎಂದರೆ ಇಡ್ಲಿ ತಿನ್ನುವ ಜಾಗ, ಅದರ ರುಚಿಯ ಬಗ್ಗೆ ಎರಡು ಅಭಿಪ್ರಾಯ ಇರುವುದು ಸಹಜ, ಆದರೆ ಕೊಳಕಿನ ಬಗ್ಗೆಯೂ ಹೀಗೆ ಇರಬಹುದೆಂದು ಗೊತ್ತಿರಲಿಲ್ಲ.)

ಮನೆಯವರ ಒಲವು ಹೊಸದರ ಕಡೆಗಿದೆ, ನನ್ನದು ಹಳೆಯದರ ಕಡೆಗೆ. ಹೊಸತಾಗಿರುವುದೂ ಶುಚಿಯಾಗಿರುವುದೂ ಒಂದೇ ಅಲ್ಲವೆಂದು ತಿಳಿದಿದ್ದರೂ, ಎರಡನ್ನೂ ಬೇರ್ಪಡಿಸಿ ನೋಡುವ ಕಣ್ಣು ನನಗಿಲ್ಲ. ಮುಂಗಡ ಕೊಡುವ ಮೊದಲು ಸಿಗುವ ಹತ್ತು ಹದಿನೈದು ನಿಮಿಷಗಳಲ್ಲಿ ಏನನ್ನು ನೋಡಬೇಕು, ಏನನ್ನು ಕೇಳಬೇಕು ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ 1: ನಿವೃತ್ತ ಮೇಲ್ವಿಚಾರಕ, ಯಾದವಗಿರಿ

ನಾನು ಹತ್ತೊಂಬತ್ತು ವರ್ಷ ಮೈಸೂರಿನ ವಸತಿಗೃಹಗಳಲ್ಲಿ ಕೋಣೆಗಳ ಸ್ವಚ್ಛತೆಯ ಮೇಲ್ವಿಚಾರಣೆ ನೋಡಿಕೊಂಡವನು. ಆದ್ದರಿಂದ ಅತಿಥಿಗೆ ಏನನ್ನು ತೋರಿಸುತ್ತೇವೆ, ಏನನ್ನು ತೋರಿಸುವುದಿಲ್ಲ ಎಂಬುದನ್ನು ಒಳಗಿನಿಂದ ಬಲ್ಲೆ.

ನೋಡಲು ಬಂದವರಿಗೆಂದು ಪ್ರತಿಯೊಂದು ಕಡೆಯೂ ಒಂದೆರಡು ಕೋಣೆಗಳನ್ನು ಸದಾ ಸಿದ್ಧವಾಗಿ ಇಟ್ಟಿರುತ್ತಾರೆ. ನಿಮಗೆ ತೋರಿಸಿದ್ದು ಬಹುಶಃ ಅವನ್ನೇ. ಇನ್ನೊಮ್ಮೆ ಹೋಗುವಾಗ ಬೆಳಿಗ್ಗೆ 11ರಿಂದ 1ರ ನಡುವೆ, ಅಂದರೆ ಹಿಂದಿನ ರಾತ್ರಿಯವರು ಕೋಣೆ ಬಿಟ್ಟು ಕೆಲಸದವರು ಒಳಗೆ ಇರುವ ಹೊತ್ತಿನಲ್ಲಿ ಹೋಗಿ, ಕೋಣೆಯ ಸಂಖ್ಯೆಯನ್ನು ನೀವೇ ಆರಿಸಿ ಹೇಳಿ. ಆಗ ಕೋಣೆಗಿಂತ ಹೆಚ್ಚಾಗಿ ಮೊಗಸಾಲೆಯಲ್ಲಿ ನಿಂತಿರುವ ಕೆಲಸದವರ ತಳ್ಳುಗಾಡಿಯನ್ನು ನೋಡಬೇಕು. ಕಮೋಡಿಗೆ ಒಂದು ಬಟ್ಟೆ, ತೊಟ್ಟಿಗೆ ಇನ್ನೊಂದು, ಕುಡಿಯುವ ಲೋಟಕ್ಕೆ ಮತ್ತೊಂದು ಎಂದು ಬಣ್ಣದಿಂದ ಬೇರೆ ಮಾಡಿಟ್ಟಿದ್ದಾರೆಯೇ, ಅಥವಾ ಒಂದೇ ಒದ್ದೆ ಬಟ್ಟೆ ಎಲ್ಲ ಕಡೆಯೂ ಓಡಾಡುತ್ತಿದೆಯೇ? ಈ ಒಂದು ನೋಟದಲ್ಲಿ ತಿಳಿಯುವಷ್ಟು ಹೊಳೆಯುವ ಟೈಲಿನಿಂದ ತಿಳಿಯುವುದಿಲ್ಲ.

ನಲ್ಲಿಯ ಸುತ್ತಲಿನ ಬಿಳಿ ಕರೆ ಕೊಳೆಯಲ್ಲ. ಕೊಳವೆಬಾವಿಯ ಗಡಸು ನೀರಿನಲ್ಲಿರುವ ಸುಣ್ಣ ಒಣಗಿ ಹಾಗೆ ಕೂರುತ್ತದೆ. ಕಂದು ಗೆರೆ ಸಾಮಾನ್ಯವಾಗಿ ನೀರಿನ ಕಬ್ಬಿಣದ ಅಂಶದ್ದು. ಉಗುರಿನಿಂದ ಕೆರೆದು ನೋಡಿ: ಸುಣ್ಣ ಕಲ್ಲಿನಂತೆ ಗಟ್ಟಿಯಾಗಿರುತ್ತದೆ, ಜಿಡ್ಡು ಉಗುರಿಗೆ ಮೆತ್ತಿಕೊಳ್ಳುತ್ತದೆ. ಜಿಡ್ಡಿದ್ದರೆ ಮಾತ್ರ ಅಂಕ ಕಳೆಯಿರಿ.

ಮೋರಿಯ ವಾಸನೆಗೂ ಹೆಚ್ಚಿನ ಸಂದರ್ಭಗಳಲ್ಲಿ ಕೊಳಕು ಕಾರಣವಲ್ಲ. ಬಚ್ಚಲಿನ ಜಾಲರಿಯ ಕೆಳಗೆ ನಾವು ನಹಾನಿ ಟ್ರ್ಯಾಪ್ ಎನ್ನುವ ಬಾಗಿದ ಭಾಗವೊಂದಿದ್ದು, ಅದರಲ್ಲಿ ನಿಂತ ನೀರೇ ಚರಂಡಿಯ ಗಾಳಿಯನ್ನೂ ಜಿರಲೆಯನ್ನೂ ತಡೆಯುವ ಮುಚ್ಚಳವಾಗಿರುತ್ತದೆ. ಕೋಣೆ ಹಲವು ದಿನ ಖಾಲಿ ಬಿದ್ದರೆ ಆ ನೀರು ಆರಿಹೋಗಿ ವಾಸನೆ ಮೇಲೇರುತ್ತದೆ. ಎರಡು ಮಗ್ಗು ನೀರು ಹುಯ್ದು, ಬಾಗಿಲು ಹಾಕಿ, ಹತ್ತು ನಿಮಿಷ ಬಿಟ್ಟು ಬನ್ನಿ. ವಾಸನೆ ಹೋಗಿದ್ದರೆ ಕೋಣೆಗೆ ಗಿರಾಕಿ ಇರಲಿಲ್ಲ ಎಂದಷ್ಟೇ ಅರ್ಥ. ಹೋಗದಿದ್ದರೆ ಕೊಳವೆಯಲ್ಲೇ ದೋಷವಿದೆ, ಆ ಸಾಲಿನ ಕೋಣೆಗಳನ್ನು ಬಿಟ್ಟುಬಿಡಿ.

ನಿಜವಾಗಿ ನನ್ನ ಅನುಮಾನವಿರುವುದು ನಿಮ್ಮ ಮಲ್ಲಿಗೆಯ ಪರಿಮಳದ ಮೇಲೆ. ಗಿರಾಕಿ ಮೆಟ್ಟಿಲು ಹತ್ತುವಷ್ಟರಲ್ಲಿ ಹುಡುಗನನ್ನು ಮುಂದೆ ಕಳಿಸಿ ಸಿಂಪಡಿಸುವುದನ್ನು ನಾನೇ ಮಾಡಿಸಿದ್ದೇನೆ. ಬಟ್ಟೆಯ ಬೀರುವಿನೊಳಗೆ ಯಾರೂ ಸಿಂಪಡಿಸುವುದಿಲ್ಲ. ಅದರ ಬಾಗಿಲು ತೆರೆದು ಮೂಗು ಒಳಗಿಡಿ. ಅಲ್ಲಿ ಮುಗ್ಗಲು ವಾಸನೆ ಇದ್ದರೆ ಗೋಡೆಯಲ್ಲಿ ತೇವವಿದೆ. ಕಿಟಕಿ ತೆರೆಯುತ್ತದೆಯೇ, ತೆರೆದರೆ ಬಯಲಿಗೆ ತೆರೆಯುತ್ತದೆಯೇ ಅಥವಾ ಕೊಳವೆಗಳು ಇಳಿದಿರುವ ಕಿಂಡಿಗೋ ಎಂಬುದನ್ನೂ ನೋಡಿ.

ಇನ್ನು ಹಾಸಿಗೆ. ಪ್ರತಿ ಮಂಚಕ್ಕೆ ಮೂರು ಜೊತೆ ಹಾಸು ಇರಬೇಕೆಂಬುದು ನಮ್ಮ ವೃತ್ತಿಯ ಹಳೆಯ ಲೆಕ್ಕ: ಒಂದು ಮಂಚದ ಮೇಲೆ, ಒಂದು ಅಗಸರ ಬಳಿ, ಒಂದು ಕಪಾಟಿನಲ್ಲಿ. ಎರಡೇ ಜೊತೆ ಇಟ್ಟುಕೊಂಡವರು ದಸರೆಯಲ್ಲೋ ಮದುವೆಯ ದಿನಗಳಲ್ಲೋ ಅರೆ ಒಣಗಿದ್ದನ್ನು ಹಾಸುತ್ತಾರೆ, ಇಲ್ಲವೇ ಇದ್ದುದನ್ನೇ ಕೊಡವಿ ಮತ್ತೆ ಹಾಸುತ್ತಾರೆ. 'ಕಪಾಟು ತೋರಿಸಿ' ಎಂದು ಕೇಳಲು ಸಂಕೋಚ ಬೇಡ. ಹದಿನಾಲ್ಕು ಕೋಣೆ ಹಿಡಿಯುವವರಿಗೆ ಯಾರೂ ಇಲ್ಲವೆನ್ನುವುದಿಲ್ಲ. ಬಿಳಿ ಹಾಸನ್ನು ನೋಡಿ ತೃಪ್ತರಾಗದೆ ದಿಂಬಿನ ಗವಸು ಕಳಚಿ ಒಳದಿಂಬನ್ನು ನೋಡಿ, ಮತ್ತು ರಗ್ಗನ್ನು ಎಷ್ಟು ದಿನಕ್ಕೊಮ್ಮೆ ಒಗೆಸುತ್ತೀರಿ ಎಂದು ಕೇಳಿ. ಈ ಪ್ರಶ್ನೆಗೆ 'ಪ್ರತಿದಿನ' ಎಂಬ ಉತ್ತರ ಬಂದರೆ ಅದು ಸುಳ್ಳು. ಮಾಘದ ಚಳಿಯಲ್ಲಿ ಎಲ್ಲರೂ ಹೊದೆಯುವುದು ಅದನ್ನೇ. ರಗ್ಗಿನ ಒಳಗೊಂದು ತೆಳು ಹೊದಿಕೆಯನ್ನು ಕೊಡಬೇಕೆಂದು ಮೊದಲೇ ಮಾತಾಡಿಕೊಳ್ಳಿ.

ಉತ್ತರ 2: ಕುವೆಂಪುನಗರದ ಅಲೆಮಾರಿ

ಮೇಲಿನವರು ಬಿಟ್ಟ ಒಂದು ವಿಷಯ ತಿಗಣೆ. ಬೇರೆ ಊರಿನ ವಸತಿಗೃಹವೊಂದರಿಂದ ಅದನ್ನು ಮನೆಗೆ ತಂದು ಮೂರು ತಿಂಗಳು ಪಾಡುಪಟ್ಟವನು ನಾನು. ಹಾಸಿಗೆಯ ಮೂಲೆಯಲ್ಲಿ ಹಾಸನ್ನು ಎತ್ತಿ, ಹೊಲಿಗೆಯ ಅಂಚಿನ ಗುಂಟ ಮೊಬೈಲಿನ ಬೆಳಕು ಬಿಡಿ. ಮಂಚದ ತಲೆಹಲಗೆಯ ಹಿಂದಕ್ಕೂ ಬಿಡಿ. ಬಲಿತ ತಿಗಣೆ ಸುಮಾರು 5 ಮಿಲಿಮೀಟರ್ ಉದ್ದವಿದ್ದು ಹಗಲಿನಲ್ಲಿ ಅಡಗಿರುತ್ತದೆ, ಆದರೆ ಅದು ಬಿಟ್ಟ ಕಪ್ಪು ಚುಕ್ಕೆಗಳು ಅಡಗುವುದಿಲ್ಲ. ಒದ್ದೆ ಕಾಗದದಿಂದ ಒರೆಸಿದರೆ ಶಾಯಿಯಂತೆ ಹರಡುತ್ತವೆ. ಅದು ಅತಿಥಿಗಳ ಪೆಟ್ಟಿಗೆಗಳ ಜೊತೆ ಊರೂರು ಸುತ್ತುವ ಪ್ರಾಣಿಯಾದ್ದರಿಂದ ದುಬಾರಿ ಜಾಗದಲ್ಲೂ ಇರಬಹುದು. ಇದ್ದಮಾತ್ರಕ್ಕೆ ಆ ಮನೆಯವರು ಕೊಳಕರು ಎನ್ನಲಾಗದು. ಬೀಗರಿಗೆ ಕೋಣೆ ಕೊಡುವ ಮುನ್ನ ಹದಿನಾಲ್ಕನ್ನೂ ನೋಡಿ, ಒಂದನ್ನು ನೋಡಿ ಉಳಿದವನ್ನು ಊಹಿಸಬೇಡಿ.

ಉತ್ತರ 3: ವಿದ್ಯುತ್ ಇಂಜಿನಿಯರ್, ವಿಜಯನಗರ

ನಿಮ್ಮ ಪ್ರಶ್ನೆಯಲ್ಲಿ ಎಲ್ಲಕ್ಕಿಂತ ತೊಡಕಿನ ಮಾತು 'ಬೆಳಿಗ್ಗೆ 4 ಗಂಟೆಗೆ ಸ್ನಾನ' ಎಂಬುದು. ಬಿಸಿನೀರಿದೆ ಎಂದು ಫಲಕದಲ್ಲಿ ಬರೆದಿರುವುದು ಬೇರೆ, ಹದಿನಾಲ್ಕು ಕೋಣೆಗಳಲ್ಲಿ ಒಮ್ಮೆಗೇ ಬರುವುದು ಬೇರೆ.

ಛಾವಣಿಯ ಸೌರ ಹೀಟರಾದರೆ, ಹಗಲು ಕಾದ ನೀರು ಹೊದಿಕೆಯಿರುವ ತೊಟ್ಟಿಯಲ್ಲಿ ಬೆಳಗಿನ ತನಕ ಬಿಸಿಯಾಗಿಯೇ ಇರುತ್ತದೆ. ಆದರೆ ಧಾರವಾಡದಿಂದ ಇಡೀ ದಿನ ಪ್ರಯಾಣ ಮಾಡಿ ಬಂದವರು ಸಂಜೆಯೇ ಸ್ನಾನ ಮಾಡಿಬಿಟ್ಟರೆ ಬೆಳಗಿನ ಹೊತ್ತಿಗೆ ಉಳಿಯುವುದು ತಣ್ಣೀರು. ತೊಟ್ಟಿ ಎಷ್ಟು ಲೀಟರಿನದು, ಅದಕ್ಕೆ ವಿದ್ಯುತ್ತಿನ ಸುರುಳಿ ಇದೆಯೇ, ಅದನ್ನು ರಾತ್ರಿ ಹಾಕುವವರು ಯಾರು ಎಂದು ಕೇಳಿ.

ಕೋಣೆಗೊಂದು ಗೀಸರ್ ಇದ್ದರೆ ಲೆಕ್ಕ ಸುಲಭ. 15 ಲೀಟರಿನ, 2 ಕಿಲೋವ್ಯಾಟಿನ ಗೀಸರ್ 20 ಡಿಗ್ರಿಯ ನೀರನ್ನು 50 ಡಿಗ್ರಿಗೆ ಏರಿಸಲು ಸುಮಾರು 16 ನಿಮಿಷ ತೆಗೆದುಕೊಳ್ಳುತ್ತದೆ. ಅದಕ್ಕೆ ತಣ್ಣೀರು ಬೆರೆಸಿ 40 ಡಿಗ್ರಿಗೆ ತಂದರೆ ಸಿಗುವುದು 22 ಲೀಟರು, ಅಂದರೆ ಒಬ್ಬರಿಗೆ ಒಂದು ದೊಡ್ಡ ಬಕೆಟ್ಟು. ಕೋಣೆಯಲ್ಲಿ ಮೂವರಿದ್ದರೆ ಬರೀ ನೀರು ಕಾಯಲು ಮುಕ್ಕಾಲು ಗಂಟೆ ಬೇಕು. ಹದಿನಾಲ್ಕು ಗೀಸರುಗಳನ್ನು ಕೂಡಿಸಿದರೆ 28 ಕಿಲೋವ್ಯಾಟ್ ಆಗುವುದರಿಂದ ಸಾಮಾನ್ಯವಾಗಿ ಅವನ್ನು ಜನರೇಟರಿಗೆ ಜೋಡಿಸಿರುವುದಿಲ್ಲ. 'ಜನರೇಟರ್ ಇದೆ' ಎಂಬ ಉತ್ತರದಿಂದ ಸಮಾಧಾನಪಡದೆ ಅದರಿಂದ ಏನೇನು ನಡೆಯುತ್ತದೆ ಎಂದು ಕೇಳಬೇಕು. ಲಿಫ್ಟು ನಡೆಯುತ್ತದೆಯೇ ಎಂಬುದೂ ಅದರಲ್ಲೇ ಸೇರಿತು.

ಉತ್ತರ 4: ಓದುಗಿ, ಜಯಲಕ್ಷ್ಮೀಪುರಂ

ಬಿಳಿ ಕರೆಯನ್ನು ಪೂರ್ತಿ ಮನ್ನಿಸಬೇಕೆಂಬ ಮೇಲ್ವಿಚಾರಕರ ಮಾತನ್ನು ನಾನು ಒಪ್ಪಲಾರೆ. ಸುಣ್ಣ ಕೊಳೆಯಲ್ಲ ಎಂಬುದು ಸರಿ, ಆದರೆ ಒರಟಾದ ಆ ಪದರದ ಮೇಲೆಯೇ ಜಿಡ್ಡು ನಿಲ್ಲುವುದು, ಷವರಿನ ತೂತುಗಳು ಕಟ್ಟಿಕೊಳ್ಳುವುದು. ವಾರಕ್ಕೊಮ್ಮೆ ವಿನೆಗರ್ ಹಚ್ಚಿ ಒರೆಸುವ ಮನೆಯಲ್ಲಿ ಅದು ಕಲ್ಲಾಗುವಷ್ಟು ಬೆಳೆಯುವುದಿಲ್ಲ. ನೀರು ಗಡಸಾಗಿರುವುದು ಅವರ ತಪ್ಪಲ್ಲದಿದ್ದರೂ ಕರೆ ಕಟ್ಟಲು ಬಿಟ್ಟದ್ದು ಅವರದೇ.

ಅಂಕಗಳ ಬಗ್ಗೆ ಎರಡು ಮಾತು. ಆ್ಯಪಿನ ನಕ್ಷತ್ರ ಬಂದುಹೋದವರ ಮನಸ್ಸಿನದು; ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಕೊಡುವ ನಕ್ಷತ್ರ ಸೌಕರ್ಯಗಳನ್ನು ಪರಿಶೀಲಿಸಿ ಕೊಡುವಂಥದು, ಅದನ್ನು ಪಡೆಯಲೇಬೇಕೆಂಬ ಕಡ್ಡಾಯವಿಲ್ಲ. ಹೀಗಾಗಿ ಸಚಿವಾಲಯದ ನಕ್ಷತ್ರವಿಲ್ಲದ ಎಷ್ಟೋ ಒಳ್ಳೆಯ ಮನೆಗಳಿವೆ. ಕಟ್ಟಡದ ಹಳಮೆ ಕೊರತೆಯೇನಲ್ಲ. 1921ರಲ್ಲಿ ಅಡಿಗಲ್ಲು ಹಾಕಿ ವೈಸ್‌ರಾಯರಿಗೆಂದು ಕಟ್ಟಿಸಿದ ಲಲಿತಮಹಲ್ ಅರಮನೆ 1974ರಿಂದ ಹೋಟೆಲಾಗಿಯೇ ನಡೆದು ಬಂದದ್ದನ್ನು ಕಂಡ ಊರು ನಮ್ಮದು. ಆ್ಯಪಿನ ಅಭಿಪ್ರಾಯಗಳನ್ನು ಓದುವಾಗ ನಾನು ಐದನ್ನೂ ಒಂದನ್ನೂ ಬಿಟ್ಟು ಎರಡು, ಮೂರು, ನಾಲ್ಕು ಕೊಟ್ಟವರನ್ನು ಓದುತ್ತೇನೆ, ಮತ್ತು ದಸರೆಯ ದಿನಗಳಲ್ಲಿ ಬರೆದದ್ದನ್ನು ಬೇರೆಯಾಗಿ ಇಡುತ್ತೇನೆ. ಊರೇ ತುಂಬಿ, ಇದ್ದ ಕೆಲಸದವರೇ ಎರಡರಷ್ಟು ಕೋಣೆ ಗುಡಿಸುವ ಆ ಹತ್ತು ದಿನಗಳಿಂದ ಮಾಘದ ಸ್ಥಿತಿಯನ್ನು ಅಳೆಯಲಾಗದು. 'ಕೊಳಕು' ಎಂಬ ಬರಿಯ ಪದಕ್ಕೆ ಬೆಲೆಯಿಲ್ಲ. 'ಎರಡನೆಯ ಮಹಡಿಯ ಹಿಂಬದಿಯ ಕೋಣೆಗಳ ಗೋಡೆಯಲ್ಲಿ ತೇವ' ಎಂದು ಬೇರೆ ಬೇರೆ ತಿಂಗಳುಗಳಲ್ಲಿ ಮೂವರು ಬರೆದಿದ್ದರೆ ಅದನ್ನು ನಂಬುತ್ತೇನೆ.

ಹಿರಿಯರ ವಿಷಯಕ್ಕೆ ಬಂದರೆ, ನಮ್ಮ ತಾಯಿಯನ್ನು ಕರೆದುಕೊಂಡು ಹೋದಾಗ ನಾನು ನೋಡುವುದು ನಾಲ್ಕೇ: ಬಚ್ಚಲಿನ ಹೊಸ್ತಿಲು ಎಷ್ಟು ಎತ್ತರವಿದೆ, ಒದ್ದೆಯಾದ ಟೈಲು ಜಾರುತ್ತದೆಯೇ, ಕಮೋಡಿನ ಬಳಿ ಹಿಡಿಕೆ ಇದೆಯೇ, ಮಲಗಿದಲ್ಲಿಂದ ದೀಪದ ಸ್ವಿಚ್ಚು ಕೈಗೆ ಎಟುಕುತ್ತದೆಯೇ. ಟಿ.ವಿ. ಎಷ್ಟು ದೊಡ್ಡದೆಂದು ಅವರು ಇಂದಿಗೂ ಕೇಳಿಲ್ಲ.

ಪ್ರಶ್ನೆ ಕೇಳಿದವರಿಂದ: ಮಂಡ್ಯದ ಗೃಹಸ್ಥ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಮಧ್ಯಾಹ್ನ 12ರ ಹೊತ್ತಿಗೆ ಮನೆಯವರ ಜೊತೆ ಎರಡೂ ಕಡೆಗೆ ಮತ್ತೆ ಹೋಗಿ ಬಂದೆ.

ಹಳೆಯ ಕಟ್ಟಡದಲ್ಲಿ ಮಗ್ಗು ಕೇಳಿ ಮೋರಿಗೆ ನೀರು ಹುಯ್ದಾಗ ಅಲ್ಲಿನ ವ್ಯವಸ್ಥಾಪಕರು ನಕ್ಕು, 'ಯಾರೋ ತಿಳಿದವರು ಹೇಳಿಕೊಟ್ಟಿದ್ದಾರೆ' ಎಂದರು. ಹತ್ತು ನಿಮಿಷದಲ್ಲಿ ವಾಸನೆ ಹೋಯಿತು. ಕಪಾಟಿನಲ್ಲಿ ಒಗೆದ ಹಾಸುಗಳು ಸಾಲಾಗಿದ್ದವು, ಒಳದಿಂಬುಗಳು ಹಳೆಯವಾದರೂ ಶುಚಿಯಾಗಿದ್ದವು. ರಗ್ಗನ್ನು ತಿಂಗಳಿಗೆ ಎರಡು ಸಲ ಒಗೆಸುತ್ತೇವೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು, ತೆಳು ಹೊದಿಕೆ ಕೊಡಲು ಒಪ್ಪಿದರು. ನಲ್ಲಿಯ ಕರೆ ಉಗುರಿಗೆ ಏಳಲಿಲ್ಲ. ಜಯಲಕ್ಷ್ಮೀಪುರಂನವರ ಮಾತನ್ನು ತಿಳಿಸಿದ್ದಕ್ಕೆ ಮದುವೆಗೆ ಮುನ್ನ ಉಜ್ಜಿಸುವುದಾಗಿ ಹೇಳಿದ್ದಾರೆ. ಬಿಸಿನೀರು ಸೌರದ್ದು, 6 ಗಂಟೆಗೆ ಬಿಡುವುದು ಅವರ ರೂಢಿ. ನಮಗಾಗಿ ರಾತ್ರಿಯೇ ಸುರುಳಿ ಹಾಕಿ 3.30ಕ್ಕೆ ಬಿಡುವುದಾಗಿ ಮುಂಗಡದ ರಸೀದಿಯ ಮೇಲೆ ಬರೆದುಕೊಟ್ಟರು. ರಸ್ತೆಯ ಕಡೆಯ ಕೋಣೆಗಳಲ್ಲಿ ಮಾತ್ರ ಗದ್ದಲ ತಡೆಯಲಾಗದು.

ಹೊಸದರಲ್ಲಿ ಬೀರುವಿನ ಬಾಗಿಲು ತೆರೆದ ಮನೆಯವರು ಏನೂ ಹೇಳದೆ ಮುಚ್ಚಿದರು. ನಾನು ಆರಿಸಿದ ಕೋಣೆಯ ಕಿಟಕಿ ಕೊಳವೆಗಳ ಕಿಂಡಿಗೆ ತೆರೆಯುತ್ತಿತ್ತು. ಆದರೂ ಅಲ್ಲಿನ ಬಚ್ಚಲುಗಳಿಗೆ ಹೊಸ್ತಿಲಿಲ್ಲ, ಕಮೋಡಿನ ಬಳಿ ಹಿಡಿಕೆಗಳಿವೆ, ಮುಂಬದಿಯ ಕೋಣೆಗಳಲ್ಲಿ ಗಾಳಿ ಬೆಳಕು ಚೆನ್ನಾಗಿದೆ ಎಂಬುದನ್ನೂ ಹೇಳಬೇಕು.

ಹಳೆಯದರಲ್ಲಿ ಅಂಗಳದ ಕಡೆಯ ಹತ್ತು ಕೋಣೆಗಳಿಗೆ ಮುಂಗಡ ಕೊಟ್ಟಿದ್ದೇನೆ. ಅಲ್ಲಿನ ಬಚ್ಚಲಿನ ಹೊಸ್ತಿಲು ಗೇಣುದ್ದ ಎತ್ತರವಿರುವುದರಿಂದ ಹಿರಿಯರಿಗೆಂದು ಇನ್ನೂ ನಾಲ್ಕು ಕೋಣೆಗಳನ್ನು ಹುಡುಕುತ್ತಿದ್ದೇನೆ. ಹಿರಿಯರನ್ನು ಉಳಿದವರಿಂದ ಬೇರೆ ಮಾಡಿ ರಿಂಗ್ ರಸ್ತೆಗೆ ಕಳಿಸಿದರೆ ಬೀಗರು ಏನೆಂದುಕೊಳ್ಳುವರೋ ಎಂಬ ಅಳುಕಿದೆ. ಸರಸ್ವತಿಪುರಂನಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ, ನೆಲಮಹಡಿಯಲ್ಲೇ ಕೋಣೆಗಳಿರುವ, ಹೊಸ್ತಿಲಿಲ್ಲದ ಬಚ್ಚಲಿನ ಜಾಗ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ.

ಉತ್ತರ 5: ನಿವೃತ್ತ ಮೇಲ್ವಿಚಾರಕ, ಯಾದವಗಿರಿ

ಹುಡುಕುವ ಮೊದಲು ಹಳೆಯ ಕಟ್ಟಡದವರನ್ನೇ ಇನ್ನೊಮ್ಮೆ ಕೇಳಿ ನೋಡಿ. ಹೊಸ್ತಿಲಿನ ಮುಂದೆ ಇಡಲು ಅರ್ಧ ಎತ್ತರದ ಮರದ ಮಣೆಯನ್ನೂ ಒಳಗೆ ಹಾಸಲು ರಬ್ಬರ್ ಚಾಪೆಯನ್ನೂ ಬೇಕೆಂದು ಕೇಳಿದವರಿಗೆ ನಾವು ಕೊಡುತ್ತಿದ್ದೆವು. ಮಣೆ ಅಲುಗಾಡದಂತಿರಬೇಕು, ಪಕ್ಕದ ಗೋಡೆಯಲ್ಲಿ ಹಿಡಿಕೆಯೂ ಇರಬೇಕು. ಹಿಡಿಕೆ ಇಲ್ಲದಿದ್ದರೆ ಮದುವೆಗೆ ಇನ್ನೂ ಸಮಯವಿದೆ, ಬಡಗಿಯೊಬ್ಬ ಅರ್ಧ ದಿನದಲ್ಲಿ ನಾಲ್ಕು ಬಚ್ಚಲಿಗೂ ಕೂರಿಸುತ್ತಾನೆ. ಹತ್ತು ಕೋಣೆ ಹಿಡಿದವರ ಈ ಮಾತಿಗೆ ಅವರು ಒಪ್ಪದಿದ್ದರೆ ಆಮೇಲೆ ಬೇರೆ ಕಡೆ ನೋಡೋಣ.