‘ಲಂಪ್’ಗೆ ಉಕ್ತೆ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಎರಡನೇ ಮಹಾಯುದ್ಧದ ನಂತರ ಐರ್ಲೆಂಡಿನಿಂದ ಬ್ರಿಟನ್ನಿಗೆ ಹೋಗಿ ರಸ್ತೆ, ಸುರಂಗ, ಮನೆ ಕಟ್ಟಿದ ಕೂಲಿಕಾರರ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ದ ಲಂಪ್’ ಎಂಬ ಮಾತಿಗೆ ಬಂದು ನಿಂತು ವಾರವಾಯಿತು.

ಲಂಡನ್ನಿನ ಕ್ಯಾಮ್ಡನ್ ಟೌನ್, ಕ್ರಿಕಲ್‌ವುಡ್ ಬೀದಿಗಳಲ್ಲಿ ನಸುಕಿಗೇ ಆಳುಗಳು ನಿಂತಿರುತ್ತಿದ್ದರು. ವ್ಯಾನು ಬರುತ್ತಿತ್ತು, ಮೇಸ್ತ್ರಿ ಮೈಕಟ್ಟು ನೋಡಿ ಬೇಕಾದವರನ್ನು ಹತ್ತಿಸಿಕೊಳ್ಳುತ್ತಿದ್ದ. ಕೆಲಸ ಸಿಕ್ಕರೆ ‘ಸ್ಟಾರ್ಟ್ ಸಿಕ್ಕಿತು’ ಅನ್ನುವುದು ಅವರ ಮಾತು. ಕೂಲಿ ಇಡಿಯಾಗಿ ನೇರ ಕೈಗೆ. ತೆರಿಗೆ ಇಲ್ಲ, ಸರ್ಕಾರಿ ವಿಮೆಗೆ ಕಂತು ಕಟ್ಟಿದ ಗುರುತಿನ ಸ್ಟಾಂಪಿಲ್ಲ, ಎಷ್ಟೋ ಸಲ ಸ್ವಂತ ಹೆಸರೂ ಇಲ್ಲ. ಇದೇ ಲಂಪ್. ಮೈಯಲ್ಲಿ ಕಸುವಿರುವಾಗ ಕೈತುಂಬ ಕಾಸು. ಅಗೆದ ಕಂದಕ ಕುಸಿದು ಕಾಲು ಮುರಿದರೆ ಪರಿಹಾರ ಕೇಳಲು ದಾಖಲೆ ಇಲ್ಲ. ಮುಪ್ಪಿನಲ್ಲಿ ಪಿಂಚಣಿಗೆ ಬೇಕಾದಷ್ಟು ಸ್ಟಾಂಪುಗಳಿಲ್ಲ. ಲಂಪ್ ತೊಲಗಬೇಕು ಎಂಬುದು 1972ರ ಕಟ್ಟಡ ಕಾರ್ಮಿಕರ ಮುಷ್ಕರದ ಬೇಡಿಕೆಗಳಲ್ಲೊಂದಾಗಿತ್ತು.

‘ಲಂಪ್ ಸಮ್’ಗೆ ನಿಘಂಟು ಕೊಡುವ ‘ಇಡಿಗಂಟು’ ಇಲ್ಲಿ ಒಗ್ಗುವುದಿಲ್ಲ, ಅದು ನಿವೃತ್ತಿ ಹಣದ ಮಾತು. ನಮ್ಮ ಧಾರವಾಡದ ಕಡೆ ‘ಉಕ್ತೆ’ ಇದೆ: ‘ಬಾವಿ ತೋಡೂದನ್ನ ಉಕ್ತೆ ಕೊಟ್ಟೀವಿ.’ ಒಟ್ಟು ಕೆಲಸಕ್ಕೆ ಒಟ್ಟು ದುಡ್ಡು. ಅರ್ಥ ಹತ್ತಿರವೇ. ಆದರೆ ಉಕ್ತೆ ಹಿಡಿದವನು ಯಾರೆಂದು ಊರಿಗೆಲ್ಲ ಗೊತ್ತಿರುತ್ತದೆ. ಲಂಪ್‌ನಲ್ಲಿ ಆಳು ಲೆಕ್ಕದಿಂದಲೇ ಮಾಯ. ‘ಮಸ್ಟರಿನಲ್ಲಿ ಹೆಸರಿಲ್ಲದ ಕೂಲಿ’ ಎಂದರೆ ಅರ್ಥವಾಗುತ್ತದೆ, ಆದರೆ ಅದು ವಿವರಣೆ, ಪದವಲ್ಲ.

ಇನ್ನೊಂದು, ‘ಗುಳೆ’. ಆಲೂಗಡ್ಡೆ ಕೀಳಲು ಸ್ಕಾಟ್ಲೆಂಡಿಗೆ ಹೋಗುತ್ತಿದ್ದ ಐರ್ಲೆಂಡಿನ ಮೇಯೋ, ಡಾನಿಗಾಲ್ ಕಡೆಯ ಜನರಿಗೆ ‘ಗುಳೆ ಹೋದವರು’ ಎಂದು ಧೈರ್ಯವಾಗಿ ಬರೆದಿದ್ದೇನೆ. ಅವರೂ ಹಂಗಾಮು ಮುಗಿಸಿ ಊರಿಗೆ ಮರಳುವವರೇ. 1937ರ ಸೆಪ್ಟೆಂಬರಿನಲ್ಲಿ ಕರ್ಕಿಂಟಿಲಾಕ್ ಊರಿನಲ್ಲಿ ಅವರು ಮಲಗಿದ್ದ ಕೊಟ್ಟಿಗೆಯಂಥ ಮನೆಗೆ ಬೆಂಕಿ ಬಿದ್ದು ಮೇಯೋದ ಆಕಿಲ್ ದ್ವೀಪದ 10 ಹುಡುಗರು ಸತ್ತರು. ಎಲ್ಲರಿಗಿಂತ ಚಿಕ್ಕವನಿಗೆ 13 ವರ್ಷ. ಆ ಮಕ್ಕಳನ್ನು ‘ವಲಸಿಗರು’ ಎಂದು ಬರೆಯಲು ನನಗೆ ಕೈ ಬರಲಿಲ್ಲ. ಆದರೆ ಲಂಪ್‌ನವರಲ್ಲಿ ಎಷ್ಟೋ ಮಂದಿ ಊರಿಗೆ ಮರಳಲೇ ಇಲ್ಲ, ಬಾಡಿಗೆ ಕೋಣೆಗಳಲ್ಲೇ ಮುದುಕರಾದರು. ಅವರಿಗೂ ಗುಳೆ ಅಂದರೆ ತಪ್ಪಾದೀತೇ?

ಬೆಂಗಳೂರಿನ ಕಟ್ಟಡಗಳಲ್ಲಿ ದುಡಿಯುವ ರಾಯಚೂರು, ಯಾದಗಿರಿಯವರ ಬಾಯಲ್ಲಿ ಇಂಥ ಲೆಕ್ಕಕ್ಕಿಲ್ಲದ ಕೂಲಿಗೆ ಒಂದು ಮಾತು ಇದ್ದೇ ಇರಬೇಕು. ಕಿವಿಯಾರೆ ಕೇಳಿದವರು ದಯವಿಟ್ಟು ಬರೆಯಿರಿ, ಯಾವ ಊರಿನ ಬಳಕೆ ಎಂಬುದನ್ನೂ ಸೇರಿಸಿ. ಅಲ್ಲಿಯವರೆಗೆ ಕರಡಿನಲ್ಲಿ ‘ಲಂಪ್’ ಎಂದೇ ಬಿಟ್ಟಿರುತ್ತೇನೆ.