40 ಜನರಿಗೆ ಮನೆಯಲ್ಲೇ ಅಡುಗೆ: ಮಾಡಿದವರು ಹೇಳಿ

ಪ್ರಶ್ನೆ:
ಮುಂದಿನ ತಿಂಗಳು ನಮ್ಮನೆಯಲ್ಲಿ 40 ಜನ ಸೇರುತ್ತಾರೆ. ಅದರಲ್ಲಿ 10 ಮಕ್ಕಳು. ಹೊರಗಿನಿಂದ ತರಿಸುವಷ್ಟು ದುಡ್ಡಿಲ್ಲ. ಅಡುಗೆಗೆ ನಾನು, ನನ್ನ ತಂಗಿ ಇಬ್ಬರೇ. ಇಲ್ಲಿಯವರೆಗೆ 10 ಜನಕ್ಕಿಂತ ಜಾಸ್ತಿ ಜನಕ್ಕೆ ಮಾಡಿಲ್ಲ. ಏನು ಮಾಡಲಿ, ಎಷ್ಟು ಮಾಡಲಿ? ಬಂದವರ ಜೊತೆ ಕೂತು ಮಾತಾಡಲೂ ಆಗಬೇಕು.

ಉತ್ತರ:
ಮೊದಲು ಬಗೆಗಳನ್ನು ಕಡಿಮೆ ಮಾಡಿ. ನಾನು ಮನೆಯಲ್ಲಿ ಮೂರು ಸಲ ಇಷ್ಟು ಜನಕ್ಕೆ ಮಾಡಿದ್ದೇನೆ. ಮೊದಲ ಸಲ ಏಳು ಬಗೆ ಮಾಡಿದೆ. ಜನ ಹೊರಡುವ ಹೊತ್ತಿಗೂ ನಾನು ಒಲೆ ಮುಂದೆಯೇ ಇದ್ದೆ. ಎಷ್ಟೋ ವರ್ಷಗಳ ಮೇಲೆ ಬಂದಿದ್ದ ಗೆಳತಿಯ ಹತ್ತಿರ ಐದು ನಿಮಿಷ ಕೂರಲಾಗಲಿಲ್ಲ. ಅದು ಈಗಲೂ ಮನಸ್ಸಿನಲ್ಲಿದೆ.

ಮೂರನೇ ಸಲ ಅನ್ನ, ಅದಕ್ಕೆ ಒಂದೇ ಒಂದು ದೊಡ್ಡ ಪಾತ್ರೆ ಕಾಳು-ತರಕಾರಿ ಸಾರು. ಜೊತೆಗೆ ಒಲೆ ಹಚ್ಚದೆ ಆಗುವ ಎರಡು: ಮೊಸರಿಗೆ ಹೆಚ್ಚಿ ಹಾಕಿದ ಸೌತೆಕಾಯಿ, ಹಣ್ಣು. ಅಷ್ಟೇ. ಯಾರೂ ಕಡಿಮೆ ಆಯಿತು ಅನ್ನಲಿಲ್ಲ. ಸಾರು ಗಟ್ಟಿಯಾಗಿ, ರುಚಿಯಾಗಿ ಇದ್ದರೆ ಸಾಕು.

ಕರಿಯುವುದು, ಒಂದೊಂದಾಗಿ ಬೇಯಿಸುವುದು ಬೇಡವೇ ಬೇಡ. ತಲೆಗೆ ಎರಡು ಅಂದರೂ 80 ಆಯಿತು. ಒಂದಕ್ಕೆ ಎರಡು ನಿಮಿಷ ಹಿಡಿದರೆ ಎರಡೂವರೆ ಗಂಟೆ ದಾಟುತ್ತದೆ.

ಇನ್ನು ಲೆಕ್ಕ. ಅನ್ನವೇ ಮುಖ್ಯ ಅಂದರೆ ದೊಡ್ಡವರಿಗೆ 100 ಗ್ರಾಂ ಅಕ್ಕಿ, ಮಕ್ಕಳಿಗೆ ಅರ್ಧ. ನಿಮಗೆ ಮೂರೂವರೆ ಕೆಜಿ ಸಾಕು. ಒಂದು ಕೆಜಿ ಅಕ್ಕಿ ಬೆಂದರೆ ಹೆಚ್ಚುಕಮ್ಮಿ ಮೂರು ಕೆಜಿ ಅನ್ನ ಆಗುತ್ತದೆ. ಕಡಲೆಕಾಳು 2 ಕೆಜಿ. ಹಿಂದಿನ ರಾತ್ರಿ ನೆನೆಹಾಕಿ. ಬೆಂದ ಮೇಲೆ ಎರಡು ಪಟ್ಟಿಗಿಂತ ಜಾಸ್ತಿ ತೂಗುತ್ತದೆ. ಬೇಯಿಸಿ ಡಬ್ಬದಲ್ಲಿ ಬರುವ ಕಾಳು ತಂದರೆ ಸುಲಭ ನಿಜ, ಆದರೆ ಒಣ ಕಾಳಿಗಿಂತ ಖರ್ಚು ಜಾಸ್ತಿ.

ಉತ್ತರ:
ಮೇಲಿನವರು ಹೇಳಿದ್ದು ಸರಿ. ಪಾತ್ರೆಯ ಬಗ್ಗೆ ನನ್ನದೊಂದು ಮಾತು. 4 ಜನದ ಅಳತೆಯನ್ನು ಸುಮ್ನೆ 10ರಿಂದ ಗುಣಿಸಬೇಡಿ. ದೊಡ್ಡ ಪಾತ್ರೆಯಲ್ಲಿ ನೀರು ಆವಿಯಾಗುವುದು ಆ ಲೆಕ್ಕದಲ್ಲಿ ಜಾಸ್ತಿಯಾಗುವುದಿಲ್ಲ. ಅಷ್ಟೇ ಪಟ್ಟು ನೀರು ಹಾಕಿದರೆ ಸಾರು ನೀರುನೀರು ಆಗುತ್ತದೆ. ಉಪ್ಪು, ಖಾರ ಮೊದಲು ಮುಕ್ಕಾಲು ಪಾಲು ಹಾಕಿ, ಕುದಿ ಬಂದ ಮೇಲೆ ರುಚಿ ನೋಡಿ ಸೇರಿಸಿ. ಹಾಕಿದ್ದನ್ನು ತೆಗೆಯಲು ಆಗಲ್ಲ ಅಲ್ವಾ.

ಕುದಿ ಬರುವುದೂ ತುಂಬಾ ನಿಧಾನ. ನಾನು ಅರ್ಧ ಗಂಟೆ ಅಂದುಕೊಂಡಿದ್ದೆ, ಒಂದೂಕಾಲು ಗಂಟೆ ಆಯಿತು. ದಪ್ಪ ತಳದ ಪಾತ್ರೆ ಇರಲಿ. ಹಾಗೂ ತಳ ಹಿಡಿದರೆ ಸೌಟು ಹಾಕಿ ಕೆರೆಯಬೇಡಿ. ಮೇಲಿನದ್ದನ್ನು ಮೆಲ್ಲಗೆ ಬೇರೆ ಪಾತ್ರೆಗೆ ತೆಗೆದರೆ ಸೀದ ವಾಸನೆ ಎಲ್ಲದಕ್ಕೂ ಹರಡುವುದಿಲ್ಲ.

ಉತ್ತರ:
ದಯವಿಟ್ಟು ಇದನ್ನು ಓದಿ. ನಮ್ಮ ಮನೆಯಲ್ಲಿ ಆದದ್ದು ಬೇರೆಯವರಿಗೆ ಆಗುವುದು ಬೇಡ.

ಕೆಲಸ ಮುಗಿಯಲಿ ಅಂತ ಹಿಂದಿನ ರಾತ್ರಿಯೇ ಅನ್ನ ಮಾಡಿ, ದೊಡ್ಡ ಪಾತ್ರೆಯಲ್ಲೇ ಮುಚ್ಚಿಟ್ಟು ಮಲಗಿದೆ. ಬೆಳಗ್ಗೆ ಮುಟ್ಟಿದರೆ ನಡುಭಾಗ ಇನ್ನೂ ಬೆಚ್ಚಗಿತ್ತು. ಅಂಟು ಬಂದಿತ್ತು, ಹಳಸಿದ ವಾಸನೆ. ಅಷ್ಟನ್ನೂ ಚೆಲ್ಲಿದೆವು. ವಾಸನೆ ಬಂದದ್ದೇ ಒಳ್ಳೆಯದಾಯಿತು, ಎಲ್ಲ ಸಲ ಬರುವುದಿಲ್ಲ. ಅಕ್ಕಿಯಲ್ಲಿರುವ ಒಂದು ಬ್ಯಾಕ್ಟೀರಿಯಾದ ಬೀಜಕಣಗಳು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಕೂತಷ್ಟು ಹೊತ್ತು ಅವು ಬೆಳೆದು ವಿಷ ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

ಅದಕ್ಕೇ ಅನ್ನ ಅಂದೇ ಮಾಡಿ. ಸಾರು ಹಿಂದಿನ ದಿನ ಮಾಡಬಹುದು. ಆದರೆ ಇಳಿಸಿದ ಕೂಡಲೇ ಅಗಲವಾದ ತಟ್ಟೆಗಳಿಗೆ ಮೂರು-ನಾಲ್ಕು ಬೆರಳು ಎತ್ತರಕ್ಕೆ ಹರಡಿ. ಎರಡು ಗಂಟೆಯೊಳಗೆ ಫ್ರಿಜ್‌ಗೆ ಹೋಗಬೇಕು. ಮರುದಿನ ಬಿಸಿ ಮಾಡುವಾಗ ನಡುಭಾಗದಲ್ಲೂ ಗುಳುಗುಳು ಕುದಿಯಬೇಕು. ಫ್ರಿಜ್‌ನಲ್ಲಿ ಅಷ್ಟು ಜಾಗ ಇಲ್ಲದಿದ್ದರೆ ಹಿಂದಿನ ದಿನ ಬರೀ ಹೆಚ್ಚಿಟ್ಟುಕೊಳ್ಳಿ, ಅಡುಗೆ ಅಂದೇ ಆಗಲಿ. ಬಡಿಸಲು ಇಟ್ಟದ್ದೂ ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇರಬಾರದು. 32 ಡಿಗ್ರಿಗಿಂತ ಸೆಕೆ ಇದ್ದರೆ ಒಂದೇ ಗಂಟೆ. ಸ್ವಲ್ಪ ಸ್ವಲ್ಪವೇ ಹೊರಗೆ ತನ್ನಿ.

ಉತ್ತರ:
ಟೇಬಲನ್ನು ಗೋಡೆಗೆ ಒತ್ತಿ ಇಡಬೇಡಿ. ಎರಡೂ ಕಡೆಯಿಂದ ಬಡಿಸಿಕೊಂಡರೆ ಸಾಲು ಅರ್ಧ ಆಗುತ್ತದೆ. ತಟ್ಟೆ ಶುರುವಿನಲ್ಲಿ, ಚಮಚ ಕೊನೆಯಲ್ಲಿ. ನೀರು ಬೇರೆ ಮೂಲೆಯಲ್ಲಿ ಇಡಿ, ಇಲ್ಲದಿದ್ದರೆ ಎಲ್ಲರೂ ಅಲ್ಲೇ ಗುಂಪಾಗುತ್ತಾರೆ.

ಕೇಳಿದವಳು:
ತುಂಬಾ ಉಪಕಾರವಾಯಿತು. ಬರುವವರು ‘ಏನಾದರೂ ತರಬೇಕಾ’ ಅಂತ ಕೇಳುತ್ತಿದ್ದಾರೆ. ಬೇಡ ಅನ್ನಲಾ?

ಉತ್ತರ:
ಬೇಡ ಅನ್ನಬೇಡಿ. ‘ನಿಮ್ಮಿಷ್ಟ’ ಅಂತಲೂ ಅನ್ನಬೇಡಿ, ಎಲ್ಲರೂ ಸಿಹಿಯನ್ನೇ ತರುತ್ತಾರೆ. ಒಬ್ಬರಿಗೆ ಐಸ್, ಒಬ್ಬರಿಗೆ ಹಣ್ಣು, ಇನ್ನೊಬ್ಬರಿಗೆ ದೊಡ್ಡ ಸೌಟು ಅಂತ ಹೆಸರು ಹಿಡಿದು ಹೇಳಿ. ಹಾಗೆಯೇ ಯಾರಿಗೆ ಏನು ಆಗಿಬರುವುದಿಲ್ಲ ಅಂತ ಈಗಲೇ ಕೇಳಿಕೊಳ್ಳಿ. ಕಡಲೆಬೀಜ, ಗೋಡಂಬಿ ಅಡುಗೆಗೆ ಬೆರೆಸಬೇಡಿ. ಬೇಕಾದವರು ಹಾಕಿಕೊಳ್ಳಲು ದೂರದಲ್ಲಿ, ಬೇರೆ ಚಮಚದ ಜೊತೆ ಇಡಿ.

ಕೇಳಿದವಳು:
ನಿನ್ನೆ ಆಯಿತು. ಬರೆಯುತ್ತೇನೆ ಅಂದುಕೊಂಡಿದ್ದೆ, ಮುಂದೆ ಮಾಡುವವರಿಗೆ ಬೇಕಾಗುತ್ತದೆ. ಬಂದದ್ದು 37 ಜನ. ಮೂರೂವರೆ ಕೆಜಿ ಅಕ್ಕಿಯಲ್ಲಿ ಒಂದು ಸಣ್ಣ ಪಾತ್ರೆಯಷ್ಟು ಅನ್ನ ಉಳಿಯಿತು. ಸಾರು ಪೂರ್ತಿ ಖಾಲಿ. 2 ಕೆಜಿ ಕಾಳಿಗೆ ಇನ್ನೊಂದು ಕೆಜಿ ಆಲೂಗಡ್ಡೆ ಸೇರಿಸಬೇಕಿತ್ತು. ಹಣ್ಣು ಸಾಲಲಿಲ್ಲ, ಮಕ್ಕಳು ಮೊದಲೇ ಮುಗಿಸಿದರು. ಐಸ್ ತರುತ್ತೇನೆ ಅಂದವರು ತಡವಾಗಿ ಬಂದರು, ಅದನ್ನು ಮೊದಲು ಬರುವವರಿಗೆ ಹೇಳಿ. ಕುದಿ ಬರಲು ನನಗೂ ಒಂದು ಗಂಟೆ ಮೇಲಾಯಿತು. ಮಧ್ಯಾಹ್ನ ಒಂದಕ್ಕೆ ಒಲೆ ಆರಿಸಿ, ಸೀರೆ ಬದಲಿಸಿ, ಎಲ್ಲರ ಜೊತೆ ತಟ್ಟೆ ಹಿಡಿದು ಕೂತೆ.